ಅರ್ಧಕ್ಕೆ ನಿಂತಿದ್ದ ಗೋಪುರಕ್ಕೆ ಕಳಸ ಬಂತು

ಕಳೆದ ಭಾನುವಾರ ಸಂಜೆ ಮಗಳ ಚಂದ್ರಕಾಳಿ ಸೀರೆಗೆ ಕೊನೆಯ ಹೊಲಿಗೆ ಹಾಕಿ ಸೂಜಿ ಕೆಳಗಿಟ್ಟೆ. ಹದಿನಾಲ್ಕು ತಿಂಗಳ ಕೆಲಸ. ಇಳಕಲ್ಲಿನ ಕಪ್ಪು ಸೀರೆಯ ಮೇಲೆ ಗೋಪುರ, ತೇರು, ತುಳಸಿ ವೃಂದಾವನ, ಅಂಬಾರಿ ಆನೆ. ಮದುವೆಯ ಹೆಣ್ಣಿಗೆ ಕಸೂತಿಯ ಚಂದ್ರಕಾಳಿ ಕೊಡುವುದು ನಮ್ಮ ಕಡೆಯ ಹಳೆಯ ಪದ್ಧತಿ. ಮಗಳ ಮದುವೆಯಲ್ಲಿ ಕೊಟ್ಟಿರಲಿಲ್ಲ, ಈಗ ಕೊಡುತ್ತಿದ್ದೇನೆ. ನಾನೊಬ್ಬಳೇ ಮಾಡಿದೆನೆಂದರೆ ಸುಳ್ಳಾಗುತ್ತದೆ. ಅದಕ್ಕೇ ಈ ಬರಹ.

ಧಾರವಾಡದ ನಮ್ಮ ಮನೆಯಲ್ಲಿ ಕಸೂತಿ ಕಲಿಸಿದವಳು ಆಯಿ. ಬಟ್ಟೆಯ ಮೇಲೆ ಪೆನ್ಸಿಲ್ ಮುಟ್ಟಿಸಲು ಬಿಡುತ್ತಿರಲಿಲ್ಲ. "ನಾಲ್ಕು ಎಳೆ ಹಿಡಿ, ನಾಲ್ಕು ಎಳೆ ಬಿಡು", ಇದೊಂದೇ ಪಾಠ. ಗವಂತಿ ಎಂಬ ಹೊಲಿಗೆಯಲ್ಲಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬಬೇಕು. ಗಂಟು ಹಾಕುವಂತಿಲ್ಲ. ಬಟ್ಟೆಯ ಎರಡೂ ಮೈ ಒಂದೇ ತೆರನಾಗಿ ಕಾಣಬೇಕು. ಹೋಗುವಾಗ ಒಂದು ಎಳೆ ತಪ್ಪಿದರೂ ಬರುವ ದಾರಿ ಕೂಡುವುದಿಲ್ಲ, ಅಷ್ಟನ್ನೂ ಬಿಚ್ಚಬೇಕು. ಹನ್ನೊಂದನೆಯ ವಯಸ್ಸಿಗೆ ಗವಂತಿ, ಮೆಟ್ಟಿಲಿನಂತೆ ಏರುವ ಮುರ್ಗಿ ಕೈಗೆ ಹತ್ತಿದವು. ನೇಯ್ದಂತೆ ಕಾಣುವ ನೇಯ್ಗಿ, ಅಡ್ಡಗೆರೆಗಳು ಒಂದನ್ನೊಂದು ದಾಟುವ ಮೆಂತಿ ಹೊಲಿಗೆ ಆಮೇಲೆ. 1985ರಲ್ಲಿ ಮದುವೆಯಾದಾಗ ಒಂದು ಗೋಪುರ ಅರ್ಧಕ್ಕೆ ನಿಂತಿತು. ಸಂಸಾರ, ಮುಂದೆ ಲೆಕ್ಕಪತ್ರ ವಿಭಾಗದಲ್ಲಿ ನೌಕರಿ. ನನಗೆ ಕಸೂತಿ ಬರುತ್ತದೆಂದು 34 ವರ್ಷ ಕಚೇರಿಯಲ್ಲಿ ಯಾರಿಗೂ ಹೇಳಲಿಲ್ಲ. ಅದು ಹೇಳಿಕೊಳ್ಳುವಂಥ ವಿದ್ಯೆ ಎಂದು ನನಗೇ ಅನ್ನಿಸಿರಲಿಲ್ಲ.

2023ರಲ್ಲಿ ನಿವೃತ್ತಳಾದೆ. ಆರು ತಿಂಗಳಲ್ಲಿ ನಮ್ಮ ಮನೆಯವರು ತೀರಿಕೊಂಡರು. ಒಬ್ಬಳಿಗಾಗಿ ಏನು ಅಡುಗೆ ಎಂದು ಒಲೆ ಹಚ್ಚದೆ ಕಳೆದ ದಿನಗಳಿದ್ದವು. ಆಗೊಮ್ಮೆ ಟ್ರಂಕಿನಿಂದ ಹೊದಿಕೆ ತೆಗೆಯಲು ಹೋದ ನಾದಿನಿ, ಆ ಹಳೆಯ ತುಂಡು ಬಟ್ಟೆಯನ್ನು ತಂದು ನನ್ನ ತೊಡೆಯ ಮೇಲಿಟ್ಟರು. ಸೂಜಿ ಅದರಲ್ಲೇ ಚುಚ್ಚಿಕೊಂಡಿತ್ತು, ಸುತ್ತ ತುಕ್ಕಿನ ಕಲೆ. "ವೈನಿ, ಈ ಗೋಪುರಕ್ಕೆ ಕಳಸ ಎಲ್ಲಿ?" ಎಂದು ಕೇಳಿದರು. ಎಲ್ಲರೂ ಸಮಾಧಾನ ಹೇಳುತ್ತಿದ್ದ ಆ ದಿನಗಳಲ್ಲಿ ನನಗೊಂದು ಕೆಲಸ ಹೇಳಿದವರು ಅವರೊಬ್ಬರೇ. ಆ ಋಣ ದೊಡ್ಡದು.

ಕೂತು ನೋಡಿದರೆ ಎಳೆಗಳೇ ಕಾಣಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು, "ಏನು ಕೆಲಸ ಮಾಡುತ್ತೀರಿ?" ಎಂದು ಕೇಳಿದಾಗ "ಕಸೂತಿ" ಎಂದುಬಿಟ್ಟೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಎಳೆ ಎಣಿಸಲು ಒಪ್ಪುವ ಕನ್ನಡಕವನ್ನೇ ಅವರು ಬರೆದುಕೊಟ್ಟರು.

ಮುರ್ಗಿಯ ತಿರುವು ಮರೆತುಹೋಗಿತ್ತು. ಕಲಘಟಗಿಯಲ್ಲಿ ಎಂಬತ್ತು ದಾಟಿದ ಒಬ್ಬ ತಾಯಿ ಇದ್ದಾರೆಂದು ಕೇಳಿ ಬಸ್ ಹತ್ತಿದೆ. ಅವರು ನನ್ನ ಬಟ್ಟೆಯನ್ನು ಮೊದಲು ಮಗುಚಿ ಹಿಂಬದಿ ನೋಡಿದರು. ಮುಂಬದಿಯಲ್ಲಿ ಮೆಟ್ಟಿಲುಗಳು ಸರಿಯಾಗಿಯೇ ಇದ್ದವು. ಹಿಂದೆ ದಾರ ಅಡ್ಡ ಹಾದುಹೋಗಿತ್ತು. ಹನ್ನೆರಡು ಮೆಟ್ಟಿಲು ಬಿಚ್ಚಿಸಿ, ಪಕ್ಕದಲ್ಲೇ ಕೂತು ಮತ್ತೆ ಹಾಕಿಸಿದರು, ಊಟ ಬಡಿಸಿ ಕಳುಹಿಸಿದರು. ಅವರ ಪಾದಕ್ಕೆ ನಮಸ್ಕಾರ.

ಸುಭಾಸ ರಸ್ತೆಯ ಅಂಗಡಿಯ ಹುಡುಗನಿಗೂ ಋಣಿ. ಸೆರಗಿನ ಕೆಂಪಿಗೆ ಹೊಂದುವ ದಾರ ಸಿಗುವವರೆಗೆ ಲಡಿಯ ಮೇಲೆ ಲಡಿ ತೆಗೆದು ಬಿಸಿಲಿಗೆ ಹಿಡಿದು ತೋರಿಸಿದ. ಕಚೇರಿಯ ಗೆಳತಿಯರಿಗೂ ಒಂದು ಮಾತು: ಎಣಿಕೆ ತಪ್ಪಿದ ಜಾಗ ನನಗೀಗ ಬೇಗ ಸಿಗುತ್ತದೆ. ತಾಳೆಯಾಗದ ಲೆಕ್ಕದಲ್ಲಿ ನಾವು ಕೂಡಿ ರಾತ್ರಿಯವರೆಗೆ ತಪ್ಪು ಹುಡುಕಿದ ಅಭ್ಯಾಸವದು. ಆ ವರ್ಷಗಳಲ್ಲಿ ಕೈ ಸುಮ್ಮನಿದ್ದರೂ ಕಣ್ಣು ಕಲಿಯುತ್ತಲೇ ಇತ್ತು.

ಶನಿವಾರ ಮಧ್ಯಾಹ್ನ ಈಗ ಓಣಿಯ ನಾಲ್ವರು ಹುಡುಗಿಯರು ಬರುತ್ತಾರೆ. ಅವರಿಗಾಗಿ ಹಳೆಯ ಚಿತ್ತಾರಗಳನ್ನು ಗ್ರಾಫ್ ಹಾಳೆಗೆ ಇಳಿಸುತ್ತಿದ್ದೇನೆ. ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜಿಯ ಕಸೂತಿ ಸೀರೆ ಇದ್ದರೆ ಒಂದು ಫೋಟೋ ಕಳುಹಿಸಿ. ಹಿಂಬದಿಯದೂ ಇರಲಿ, ದಾರ ಯಾವ ದಾರಿಯಲ್ಲಿ ಹೋಗಿ ಬಂದಿದೆ ಎಂಬುದು ಅಲ್ಲಿ ಕಾಣುತ್ತದೆ.