ಭಿನ್ನರಾಶಿಯ ಬಗೆಗಳು: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಸಮ, ವಿಷಮ, ಮಿಶ್ರ, ಸಮಾನ ಎಂದು ಭಿನ್ನರಾಶಿಯ ಬಗೆಗಳನ್ನು ಬಾಯಿಪಾಠ ಮಾಡಿ ಒಪ್ಪಿಸುವುದು ಸುಲಭ. ಲೆಕ್ಕ ಕೈಕೊಡುವುದು ಅಲ್ಲಲ್ಲ, ಯಾವ ಲೆಕ್ಕಕ್ಕೆ ಯಾವ ರೂಪ ಬೇಕು ಎಂಬಲ್ಲಿ. ಅದಕ್ಕೇ ಈ ಪತ್ರ. ಪೆನ್ಸಿಲ್, ಸ್ಕೇಲು ಪಕ್ಕದಲ್ಲಿ ಇಟ್ಟುಕೊಂಡೇ ಓದು.

ಗೆರೆಯ ಕೆಳಗಿನ ಸಂಖ್ಯೆ ಛೇದ. ಒಂದು ಪೂರ್ಣವನ್ನು ಎಷ್ಟು ಸಮಪಾಲು ಮಾಡಿದ್ದೇವೆ ಎಂದು ಅದು ಹೇಳುತ್ತದೆ. ಮೇಲಿನದು ಅಂಶ, ಅಂಥ ಪಾಲುಗಳು ನಮ್ಮ ಹತ್ತಿರ ಎಷ್ಟಿವೆ ಎಂಬ ಎಣಿಕೆ. ಪಾಲುಗಳು ಹೆಚ್ಚಾದಷ್ಟೂ ಒಂದೊಂದು ಪಾಲೂ ಚಿಕ್ಕದಾಗುತ್ತದೆ. ಆದ್ದರಿಂದ 1/8 ಎಂಬುದು 1/5ಕ್ಕಿಂತ ಕಡಿಮೆ. 5ಕ್ಕಿಂತ 8 ದೊಡ್ಡದು ಎಂಬ ರೂಢಿ ಇಲ್ಲಿ ದಾರಿ ತಪ್ಪಿಸುತ್ತದೆ, ಎಚ್ಚರ. ಅಂಶ ಸೊನ್ನೆಯಾಗಬಹುದು, 0/5 ಎಂದರೆ 0. ಛೇದ ಮಾತ್ರ ಸೊನ್ನೆಯಾಗಕೂಡದು.

ಈಗ 12 ಸೆಂಟಿಮೀಟರ್ ಉದ್ದದ ಒಂದು ಗೆರೆ ಎಳೆ. ಎಡತುದಿಗೆ 0, ಪ್ರತಿ 4 ಸೆಂಟಿಮೀಟರಿಗೆ 1, 2, 3 ಎಂದು ಬರೆ. ಆಗ ಒಂದೊಂದು ಸೆಂಟಿಮೀಟರೂ 1/4. ಸೊನ್ನೆಯಿಂದ 3 ಸೆಂಟಿಮೀಟರ್ ದೂರದಲ್ಲಿ 3/4 ಇದೆ, 1ಕ್ಕಿಂತ ಹಿಂದೆ. ಹೀಗೆ ಅಂಶ ಛೇದಕ್ಕಿಂತ ಚಿಕ್ಕದಾಗಿದ್ದರೆ ಅದು ಸಮ ಭಿನ್ನರಾಶಿ, ಶುದ್ಧ ಭಿನ್ನರಾಶಿ ಎಂದೂ ಕರೆಯುತ್ತಾರೆ. 4 ಸೆಂಟಿಮೀಟರಿಗೆ ಬಂದರೆ 4/4, ಅಂದರೆ 1. ಅಲ್ಲಿಂದ ಮುಂದಕ್ಕೆ 5/4, 6/4, 7/4 ಎಲ್ಲವೂ ವಿಷಮ ಭಿನ್ನರಾಶಿಗಳು. 4/4 ಕೂಡ ವಿಷಮವೇ, ಏಕೆಂದರೆ ಅಂಶವು ಛೇದಕ್ಕೆ ಸಮವಾಗಿದ್ದರೂ ಆ ಗುಂಪಿಗೇ ಸೇರುತ್ತದೆ. ಇದನ್ನು ಬಹಳ ಮಕ್ಕಳು ಮರೆಯುತ್ತಾರೆ.

11 ಸೆಂಟಿಮೀಟರಿನ ಬಳಿ ಒಂದು ಚುಕ್ಕೆ ಇಡು. ಸೊನ್ನೆಯಿಂದ ಕಾಲುಕಾಲಾಗಿ ಎಣಿಸಿಕೊಂಡು ಬಂದರೆ ಅದು 11/4. ಎರಡು ಪೂರ್ಣ ದಾಟಿ ಮುಕ್ಕಾಲು ಎಂದು ನೋಡಿದರೆ 2¾, ಇದು ಮಿಶ್ರ ಭಿನ್ನರಾಶಿ. ಚುಕ್ಕೆ ಒಂದೇ, ಬರೆಯುವ ರೀತಿ ಎರಡು. ಒಂದು ಪೂರ್ಣಕ್ಕೆ 4 ಕಾಲುಗಳಾದರೆ ಎರಡಕ್ಕೆ 8, ಮೇಲೆ ಇನ್ನು 3, ಒಟ್ಟು 11. 'ಪೂರ್ಣವನ್ನು ಛೇದದಿಂದ ಗುಣಿಸಿ ಅಂಶ ಕೂಡಿಸು' ಎಂಬ ಸೂತ್ರದಲ್ಲಿ ಇರುವುದು ಇಷ್ಟೇ. ತಿರುಗಿ ಬರಲು 11ನ್ನು 4ರಿಂದ ಭಾಗಿಸು: ಭಾಗಲಬ್ಧ 2, ಶೇಷ 3. ಶೇಷ ಅಂಶದ ಜಾಗಕ್ಕೆ ಹೋಗುತ್ತದೆ, ಛೇದ ಇದ್ದಂತೆಯೇ ಇರುತ್ತದೆ.

ಅದೇ ಗೆರೆಯಲ್ಲಿ 2 ಸೆಂಟಿಮೀಟರ್ ದೂರದಲ್ಲಿ 2/4 ಇದೆ, ಅದೇ 1/2. ಇವು ಸಮಾನ ಭಿನ್ನರಾಶಿಗಳು. ಅಂಶ, ಛೇದ ಎರಡನ್ನೂ ಸೊನ್ನೆಯಲ್ಲದ ಒಂದೇ ಸಂಖ್ಯೆಯಿಂದ ಗುಣಿಸಿದರೆ ಅಥವಾ ಭಾಗಿಸಿದರೆ ಬೆಲೆ ಬದಲಾಗದು. ಕೂಡಿಸಿದರೆ ಬದಲಾಗುತ್ತದೆ: 1/2ರ ಮೇಲೆ ಕೆಳಗೆ 1 ಸೇರಿಸಿದರೆ 2/3 ಆಗಿ ದೊಡ್ಡದಾಗಿಬಿಡುತ್ತದೆ. ಸಂಕ್ಷೇಪಿಸುವಾಗ ಅಂಕಿಗಳನ್ನು ಹೊಡೆದುಹಾಕುವ ಚಾಳಿ ಬೇಡ. 16/64ರಲ್ಲಿ ಎರಡೂ 6 ಹೊಡೆದರೆ 1/4 ಉಳಿದು ಉತ್ತರ ಸರಿಯೇ ಬರುತ್ತದೆ, ಆದರೆ ಅದು ಬರೀ ಕಾಕತಾಳೀಯ. 12/24ರಲ್ಲಿ ಎರಡೂ 2 ಹೊಡೆದರೂ 1/4 ಉಳಿಯುತ್ತದೆ, ನಿಜವಾದ ಉತ್ತರ 1/2.

ಕೂಡಲು ಒಂದೇ ಛೇದ ಬೇಕು. 1/2 + 1/3 = 2/5 ಎಂದು ಬರೆದರೆ ಕೂಡಿದ ಮೇಲೆ ಬಂದದ್ದು ಅರ್ಧಕ್ಕಿಂತಲೂ ಕಡಿಮೆ! ಪಾಲಿನ ಗಾತ್ರ ಬೇರೆಬೇರೆಯಾಗಿರುವಾಗ ಒಟ್ಟಿಗೆ ಎಣಿಸಲಾಗದು. 2 ಮತ್ತು 3ರ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡರಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 6. ಹಾಗಾಗಿ 3/6 + 2/6 = 5/6. ಗುಣಾಕಾರಕ್ಕೆ ಈ ತಾಪತ್ರಯವಿಲ್ಲ, ಛೇದ ಒಂದೇ ಇರಬೇಕಾಗಿಲ್ಲ.

ಆದರೆ ಮಿಶ್ರ ಭಿನ್ನರಾಶಿಯನ್ನು ಹಾಗೇ ಇಟ್ಟುಕೊಂಡು ಗುಣಿಸಹೋಗಬೇಡ. 2½ × 3½ ಎಂದಾಗ 2 × 3 = 6, ½ × ½ = ¼, ಆದ್ದರಿಂದ 6¼ ಎಂದು ಬರೆಯಲು ಕೈ ತುರಿಸುತ್ತದೆ. ಮೊದಲು ವಿಷಮಕ್ಕೆ ತಿರುಗಿಸು: 5/2 × 7/2 = 35/4 = 8¾. ವ್ಯತ್ಯಾಸ 2½. ಅದು ಎಲ್ಲಿ ಹೋಯಿತು? 2½ ಎಂದರೆ 2 + ½, 3½ ಎಂದರೆ 3 + ½. ಮೊದಲನೆಯದರ ಎರಡು ಭಾಗಗಳೂ ಎರಡನೆಯದರ ಎರಡು ಭಾಗಗಳನ್ನೂ ಗುಣಿಸಬೇಕು. 2 × ½ = 1, ½ × 3 = 1½, ಇವೆರಡು ಬಿಟ್ಟುಹೋಗಿದ್ದವು. ಕೂಡಿಸಿ ನೋಡು, ಸರಿಯಾಗಿ 2½. ಒಮ್ಮೆ ಇದನ್ನು ನೀನೇ ಕಾಗದದ ಮೇಲೆ ಮಾಡಿದರೆ ವಿಷಮ ರೂಪ ಯಾತಕ್ಕೆ ಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಕಳೆಯುವಾಗ ಮಿಶ್ರ ರೂಪದಲ್ಲೇ ಇರಬಹುದು, ಸಾಲ ತೆಗೆಯುವುದು ಗೊತ್ತಿದ್ದರೆ. 5¼ − 2¾ ನೋಡು. ಕಾಲಿನಿಂದ ಮುಕ್ಕಾಲು ಕಳೆಯಲಾಗದು. ಅದಕ್ಕೇ ಕೆಲವರು ಮುಕ್ಕಾಲಿನಿಂದ ಕಾಲು ಕಳೆದು 3½ ಎಂದು ಬರೆಯುತ್ತಾರೆ, ಅದು ತಪ್ಪು. 5ರಿಂದ 1 ತೆಗೆದು 4/4 ಮಾಡಿ ಕಾಲಿಗೆ ಸೇರಿಸು, 4 ಪೂರ್ಣ ಮತ್ತು 5/4 ಆಯಿತು. 5/4 − 3/4 = 2/4, 4 − 2 = 2. ಉತ್ತರ 2½. ಸಾಲ ತೆಗೆದಾಗ ಕೂಡಿಸುವುದು 10 ಅಲ್ಲ, ಛೇದದಷ್ಟು. ದಶಮಾನದ ಅಭ್ಯಾಸ ಇಲ್ಲಿಗೂ ನುಸುಳುತ್ತದೆ.

ಈಗ 7⅓ರಿಂದ 4⅔ ಕಳೆ. 2⅔ ಬರಬೇಕು. 3⅓ ಬಂದಿದ್ದರೆ ಸಾಲ ತೆಗೆಯುವ ಬದಲು ಭಿನ್ನರಾಶಿಗಳನ್ನು ಹಿಂದುಮುಂದು ಕಳೆದಿದ್ದೀಯ ಎಂದರ್ಥ, ಮತ್ತೆ ಮಾಡು.

ನಿನ್ನ
ಅಮ್ಮ