ಯೋಹಾನಳನ್ನೂ ನೆನೆಯೋಣ

ಮಾನ್ಯರೇ,

ಈಸ್ಟರ್ ವಿಶೇಷ ಪುಟದಲ್ಲಿ ಯೇಸುವಿನ ಬರಿದಾದ ಸಮಾಧಿಯ ಬಗೆಗಿನ ಲೇಖನ ಚೆನ್ನಾಗಿತ್ತು. ಆದರೆ ಅಲ್ಲಿಗೆ ಹೋದ ಹೆಂಗಸರಲ್ಲಿ ಒಬ್ಬಳಾದ ಯೋಹಾನಳ ಹೆಸರೇ ಇಲ್ಲದ್ದು ಬೇಸರ ತಂದಿತು. ಬೈಬಲಿನ ಲೂಕನ ಸುವಾರ್ತೆಯ 24ನೇ ಅಧ್ಯಾಯ, ಯೇಸುವಿನ ಶಿಷ್ಯೆ ಮಗ್ದಲದ ಮರಿಯಳ ಜೊತೆ ಇವಳನ್ನೂ ಹೆಸರು ಹಿಡಿದು ಹೇಳುತ್ತದೆ.

ಇವಳ ಗಂಡ ಕೂಜ, ಗಲಿಲಾಯವನ್ನು ಆಳುತ್ತಿದ್ದ ಹೆರೋದ ಅಂತಿಪನ ಮನೆವಾರ್ತೆ ನೋಡಿಕೊಳ್ಳುತ್ತಿದ್ದವನು. ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಪ್ರವಾದಿ ಸ್ನಾನಿಕ ಯೋಹಾನನ ತಲೆ ಕಡಿಸಿದ್ದು ಇದೇ ಹೆರೋದ. ಅಂಥವನ ಋಣದಲ್ಲಿದ್ದ ಮನೆಯ ಹೆಂಗಸು, ಊರೂರು ತಿರುಗುವ ಬೋಧಕನ ಜೊತೆ ಹೊರಡುವುದು ಸುಮ್ನೆ ಮಾತಲ್ಲ. ಎಷ್ಟು ಗಟ್ಟಿ ಮನಸ್ಸು ಬೇಕಿತ್ತು! ಯೋಹಾನಳು, ಸುಸನ್ನಳು ಮತ್ತು ಇನ್ನೂ ಹಲವರು ತಮ್ಮ ಸ್ವಂತ ಆಸ್ತಿಯಿಂದ ಯೇಸು ಮತ್ತು ಶಿಷ್ಯರ ಉಪಚಾರ ಮಾಡುತ್ತಿದ್ದರು ಎಂದು ಲೂಕನ 8ನೇ ಅಧ್ಯಾಯದ ಮೊದಲ 3 ವಚನಗಳಲ್ಲಿದೆ. ಅಷ್ಟು ಜನ ಊರಿಂದೂರಿಗೆ ನಡೆಯುವಾಗ ಊಟದ ಖರ್ಚನ್ನು ಯಾರಾದರೂ ನೋಡಿಕೊಳ್ಳಲೇಬೇಕಿತ್ತು, ಅಲ್ವಾ? ಪವಾಡಗಳ ಬಗ್ಗೆ ಎಷ್ಟೋ ಬರೆಯುತ್ತೇವೆ, ಈ ದುಡ್ಡು ಹಾಕಿದವರ ಬಗ್ಗೆ ಒಂದು ಸಾಲೂ ಇಲ್ಲ.

ಸುಗಂಧದ್ರವ್ಯ ಹಿಡಿದು ಸಮಾಧಿಗೆ ಹೋಗಿ, ಅದು ಬರಿದಾಗಿದ್ದನ್ನು ಕಂಡು ಈ ಹೆಂಗಸರು ಬಂದು ಹೇಳಿದಾಗ ಅಪೊಸ್ತಲರು, ಅಂದರೆ ಯೇಸುವಿನ ಪ್ರಮುಖ ಶಿಷ್ಯರು, ಅದನ್ನು ಬರೀ ಹರಟೆ ಎಂದುಕೊಂಡರು. ಇಂದಿಗೂ ನಾವು ಅವರ ಮಾತಿಗೆ ಕಿವಿಗೊಡುವುದು ಕಡಿಮೆಯೇ.

ಮಗ್ದಲದ ಮರಿಯಳ ಸ್ಮರಣೆಯನ್ನು 2016ರಲ್ಲಿ ವ್ಯಾಟಿಕನ್ ಹಬ್ಬದ ದರ್ಜೆಗೆ ಏರಿಸಿದ್ದು ಸಂತೋಷದ ವಿಷಯ. ಮುಂದಿನ ಈಸ್ಟರ್‌ಗೆ ಯೋಹಾನ, ಸುಸನ್ನರ ಬಗ್ಗೆಯೂ ಪತ್ರಿಕೆ ಒಂದು ಲೇಖನ ಕೊಡಲಿ. ನಮ್ಮ ಚರ್ಚುಗಳ ಭಾನುವಾರದ ಶಾಲೆಗಳಲ್ಲೂ ಆ 3 ವಚನಗಳನ್ನು ಮಕ್ಕಳಿಗೆ ಓದಿಸಲಿ.

– ಓದುಗರೊಬ್ಬರು, ಮಂಗಳೂರು