ಶಾಸಕರೇ, ಹುಲ್ಲು ಒಣಗುವ ಮೊದಲು ನಮಗೊಂದು ಗಟ್ಟಿ ಫೈರ್ ಎಂಜಿನ್ ಕೊಡಿ

ಮಾನ್ಯ ಶಾಸಕರಿಗೆ ನಮಸ್ಕಾರ.

ಉಡುಪಿ ಜಿಲ್ಲೆಯ ಘಟ್ಟದ ಬುಡದ ಊರಿನವಳು ನಾನು. ಮೂರು ವರ್ಷದಿಂದ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಇದನ್ನು ಎಲ್ಲರ ಎದುರು ಬರೆಯುತ್ತಿದ್ದೇನೆ. ನಮ್ಮ ಅಗ್ನಿಶಾಮಕ ಠಾಣೆಗೆ ಹೊಸ ಗಾಡಿ ಬೇಕು.

ಕಳೆದ ಮಾರ್ಚ್‌ನಲ್ಲಿ ಗುಡ್ಡೆಯ ಮುಳಿಹುಲ್ಲಿಗೆ ಬೆಂಕಿ ಬಿತ್ತು. ಗಾಳಿ ನಮ್ಮ ಕಡೆಗೇ ಇತ್ತು. ಫೋನ್ ಮಾಡಿದೆವು. ಗಾಡಿ ಏರಿನಲ್ಲಿ ಬಿಸಿಯಾಗಿ ನಿಂತುಬಿಟ್ಟಿತು. ಅದು ತಣಿದು ಮೇಲೆ ಬರುವಷ್ಟರಲ್ಲಿ ಬೆಂಕಿ ಗೇರು ಹಾಡಿಗೆ ಇಳಿದಿತ್ತು. ಪಂಪು ಸ್ಟಾರ್ಟ್ ಮಾಡಿದರು. ಪೈಪಿಗೆ ಮೂರು ಕಡೆ ಸೈಕಲ್ ಟ್ಯೂಬ್ ಸುತ್ತಿ ಕಟ್ಟಿದ್ದರು. ನೀರೆಲ್ಲ ಅಲ್ಲೇ ಚಿಮ್ಮಿ ದಾರಿ ಕೆಸರಾಯಿತು, ತುದಿಗೆ ಬರಲೇ ಇಲ್ಲ. ಪೈಪ್ ಹಿಡಿದ ಹುಡುಗನಿಗೆ ನನ್ನ ಮಗನಷ್ಟೇ ಪ್ರಾಯ. "ಪ್ರೆಷರ್ ಬರ್ತಾ ಇಲ್ಲ ಅಕ್ಕ" ಅಂದ, ಅಳುವ ಹಾಗೆ. ಕೊನೆಗೆ ಎಲ್ಲರೂ ಒಟ್ಟಿಗೆ ಹಸಿ ಸೊಪ್ಪು ಹಿಡಿದು ಬಡಿದೆವು. ಮಾವ ನೆಟ್ಟ 60 ಗೇರು ಮರ ಬೀಜ ಕಟ್ಟಿದ್ದವು. 11 ಉಳಿದವು.

ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅಂಥ ಗಾಡಿ ಕೊಟ್ಟು ಅವರನ್ನು ಬೆಂಕಿಗೆ ಕಳಿಸುವವರ ಮೇಲೆ ಇದೆ.

ನಿಯಮ ನಿಮಗೆ ಗೊತ್ತೇ ಇದೆ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದು. ಹಾಗೆ ಠಾಣೆಯ ಒಂದು ಗಾಡಿ ಶೆಡ್ ಸೇರಿತು. ಸರಿ, ಬದಲಿ ಎಲ್ಲಿ? ಉಳಿದ ಒಂದು ಮುದಿ ಗಾಡಿಯೇ ಎರಡರ ಕೆಲಸ ಮಾಡುತ್ತಿದೆ.

ನನ್ನ ಮಗ ವಿಮಾನ ರಿಪೇರಿ ಕಲಿಯುತ್ತಿದ್ದಾನೆ. ಅವನು ಹೇಳಿದ್ದು ಇದು. 2002ರ ಜೂನ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಡಿನ ಬೆಂಕಿ ಆರಿಸುತ್ತಿದ್ದ ವಿಮಾನದ ರೆಕ್ಕೆಗಳು ಆಕಾಶದಲ್ಲೇ ಮುರಿದವು. ಮೂವರು ಸತ್ತರು. 1957ರಲ್ಲಿ ಸೇನೆಗೆ ಕಟ್ಟಿದ ಸಿ-130 ವಿಮಾನ ಅದು. ಬಳಸಿ ಬಳಸಿ ರೆಕ್ಕೆಯೊಳಗೆ ಬಿರುಕು ಬಿಟ್ಟಿತ್ತು. ಮರುತಿಂಗಳೇ ಕೊಲರಾಡೊದಲ್ಲಿ ಇನ್ನೊಂದು ಹಳೇ ವಿಮಾನದ ರೆಕ್ಕೆ ಕಳಚಿತು, ಇಬ್ಬರು ಹೋದರು. 2004ರಲ್ಲಿ ಅಲ್ಲಿನ ಸರ್ಕಾರ ಬೆಂಕಿ ಆರಿಸುವ 33 ದೊಡ್ಡ ವಿಮಾನಗಳ ಗುತ್ತಿಗೆ ರದ್ದು ಮಾಡಿತು. ಐದು ಜೀವ ಹೋದ ಮೇಲೆ. ಅಲ್ಲಿ ಬಿರುಕು ಒಳಗೆ ಅಡಗಿತ್ತು ಸಾರ್. ನಮ್ಮ ಪೈಪಿನದ್ದು ದಾರಿಯಲ್ಲಿ ಹೋಗುವವರಿಗೂ ಕಾಣುತ್ತದೆ. ಇಲ್ಲಿ ಯಾರು ಸಾಯಲಿ ಅಂತ ಕಾಯುವುದು?

"ಪರಿಶೀಲಿಸುತ್ತೇವೆ" ಎಂಬ ಉತ್ತರ ನನ್ನ ಹತ್ತಿರ ಎರಡಿದೆ. ಮೂರನೆಯದು ಬೇಡ. ಹೊಸ ಗಾಡಿ ಕೊಡಿ. ಅದು ಬರುವ ತನಕ ಇರುವ ಗಾಡಿಯ ಪಂಪು, ಪೈಪು, ರೇಡಿಯೇಟರ್ ಸರಿ ಮಾಡಿಸಿ, ಊರವರ ಎದುರು ಒಮ್ಮೆ ನೀರು ಹಾರಿಸಿ ತೋರಿಸಿ. ಜನವರಿಯೊಳಗೆ ಆಗಬೇಕು. ಮಳೆ ನಿಂತಿದೆ, ಗುಡ್ಡೆಯ ಹುಲ್ಲು ಆಗಲೇ ಹಳದಿಯಾಗುತ್ತಿದೆ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಕೃಷಿಕ ಮಹಿಳೆ